ತೀರ್ಪುಗಾರರ ಕುರ್ಚಿಯಲ್ಲಿ ಸ್ವರ್ಣಲತಾ ಅಕ್ಕ

ಕೊಲ್ಲಿ ನಾಡಿನ ಚಲನಚಿತ್ರ ವಸ್ತ್ರವಿನ್ಯಾಸದ ಮಾತು ಬಂದಾಗ ಮೊದಲು ನೆನಪಾಗಬೇಕಾದ ಹೆಸರು ಶ್ರೀಮತಿ ಸ್ವರ್ಣಲತಾ ಅವರದು. ನೆನಪಾಗುವುದು ಮಾತ್ರ ಬೇರೆಯವರದು. ಅವರ ಈ ಅಭಿನಂದನಾ ಗ್ರಂಥದಲ್ಲಿ ಹೊಗಳಿಕೆಗೇನೂ ಬರವಿಲ್ಲ. ಆದ್ದರಿಂದ ಆ ಸಂಕಟವನ್ನು ಇಲ್ಲಿ ಹೇಳಿಬಿಡುವುದೇ ಒಳ್ಳೆಯದು.

ಕಾಪುವಿನಿಂದ ಬಂದು, ಬರ್ ದುಬೈಯ ಬಟ್ಟೆ ಅಂಗಡಿಯೊಂದರ ಮೇಲಿನ ಕೋಣೆಯಲ್ಲಿ ಹೊಲಿಗೆ ಆರಂಭಿಸಿದ ಅವರು, ಮುಂದೆ ಸ್ಟುಡಿಯೋ ಸೇರಿ, ಮರುಭೂಮಿಯಲ್ಲಿ ಚಿತ್ರೀಕರಣಕ್ಕೆ ಬಂದ ಎಷ್ಟೋ ತಂಡಗಳಿಗೆ ಉಡುಪು ರೂಪಿಸಿದರು. ಹೊಸ ನಿಲುವಂಗಿಯನ್ನು ಚಹಾದ ನೀರಿನಲ್ಲಿ ಅದ್ದಿ, ಬಿಸಿಲಿಗೆ ಹಾಕಿ, ವರ್ಷಗಟ್ಟಲೆ ತೊಟ್ಟಂತೆ ಮಾಡುವುದರಲ್ಲಿ ಅವರದು ಎತ್ತಿದ ಕೈ. ಆದರೆ ಪ್ರಶಸ್ತಿಯ ಹೊತ್ತಿಗೆ ನಾಮನಿರ್ದೇಶನ ಪಡೆಯುತ್ತಿದ್ದವರು ಬಹುಪಾಲು ಬಿಳಿಯ ಗಂಡಸರು. ನಮ್ಮ ಕಡೆಯ ಹೆಂಗಸರೆಲ್ಲ ‘ಸಹಾಯಕಿ’ಯರು.

ಇದಕ್ಕೆ ಟೀಕೆ ಹೆಚ್ಚಿದಾಗ ಅಬುಧಾಬಿಯ ಪ್ರಶಸ್ತಿ ಸಮಿತಿ ಸುಲಭದ ದಾರಿ ಹಿಡಿಯಿತು. ಸ್ವರ್ಣಲತಾ ಅವರನ್ನು ತೀರ್ಪುಗಾರರನ್ನಾಗಿ ಮಾಡಿ, ಫೋಟೊದಲ್ಲಿ ನಟ್ಟನಡುವೆ ನಿಲ್ಲಿಸಿತು. ತೀರ್ಪುಗಾರರ ಸ್ವಂತ ಕೆಲಸ ಸ್ಪರ್ಧೆಗೆ ಬರುವಂತಿಲ್ಲವೆಂಬುದು ಅವರಿಗೆ ಗೊತ್ತಿತ್ತು. ತನ್ನ ಹೆಸರು ಹೋದರೂ ತನ್ನಂಥವರ ಹೆಸರು ಬರಲಿ ಎಂದು ಒಪ್ಪಿಕೊಂಡರು. ಅವರ ಒಳ್ಳೆಯತನ ಇದು. ನಮ್ಮ ಹೊಟ್ಟೆ ಉರಿಸುವುದೂ ಇದೇ.

ಕಳೆದ ವರ್ಷ ಅವರ ಶಿಷ್ಯೆ ಹಸೀನ ವಸ್ತ್ರವಿನ್ಯಾಸ ಮಾಡಿದ ಸಿನಿಮಾ ಕೊನೆಯ ಸುತ್ತಿಗೆ ಬಂತು. ಉಳ್ಳಾಲದಿಂದ ಬಂದ ಹೊಸತರಲ್ಲಿ ನೆಲೆಯಿಲ್ಲದಿದ್ದ ಈಕೆಗೆ ದುಬೈಯ ಡಿಸ್ಕವರಿ ಗಾರ್ಡನ್ಸ್ ಬಡಾವಣೆಯ ತಮ್ಮ ಮನೆಯಲ್ಲೇ ಜಾಗ ಕೊಟ್ಟು ಕೆಲಸ ಕಲಿಸಿದವರು ಸ್ವರ್ಣಲತಾ. ಶಿಷ್ಯೆಯ ಕೆಲಸದ ಚರ್ಚೆ ನಡೆಯುವಾಗ ಗುರು ಕೋಣೆಯಲ್ಲಿ ಇರಬಾರದೆಂಬುದು ಸಮಿತಿಯ ನಿಯಮ. ಯಾರೂ ನೆನಪಿಸುವ ಮೊದಲೇ ಅವರು ಎದ್ದು ಹೊರನಡೆದರು. ತಿರುಗಿ ಬರುವಷ್ಟರಲ್ಲಿ ಹಸೀನರ ಹೆಸರನ್ನು ಕೈಬಿಟ್ಟಾಗಿತ್ತು. ಆ ಬಟ್ಟೆಗಳ ಪರವಾಗಿ ಮಾತಾಡುವವರು ಒಳಗೆ ಒಬ್ಬರೂ ಉಳಿದಿರಲಿಲ್ಲ.

ಅಂದು ಸಂಜೆ ಹಸೀನ ಅಕ್ಕನ ಮನೆಗೆ ಬಂದರು.

“ಅಕ್ಕ, ನೀವು ಹೊರಗೆ ಹೋಗದಿದ್ರೆ ಆಗ್ತಿರ್ಲಿಲ್ವಾ?”

“ನಿಯಮ ಅಲ್ವಾ ಮಾರಾಯ್ತಿ. ನಾನು ಅಲ್ಲೇ ಕೂತಿದ್ರೆ, ಅಕ್ಕ ಕೊಡಿಸಿದ್ದು ಅಂತ ನಿನ್ನನ್ನೇ ಆಡಿಕೊಳ್ತಿದ್ರು.”

ತನ್ನ ಹೆಸರಿಗಾಗಿ ಎಂದೂ ಕಣ್ಣೀರು ಹಾಕದವರು, ಹಸೀನ ಹೋದ ಮೇಲೆ ಬಾಗಿಲು ಹಾಕಿಕೊಂಡು ಅತ್ತರು.

ಈಗ ಸ್ಟುಡಿಯೋದಿಂದ ನಿವೃತ್ತಿ. ಬೀಳ್ಕೊಡುಗೆಯ ದಿನ ಸಮಿತಿಯವರು ತೀರ್ಪುಗಾರರ ಶಾಶ್ವತ ಸ್ಥಾನವನ್ನೇ ಅವರಿಗೆ ಕೊಡಲು ಮುಂದಾದರು. ಸ್ವರ್ಣಲತಾ ಕೈಮುಗಿದರು. “ಕುರ್ಚಿ ಖಲಾಸ್. ಯಾರಾದ್ರೂ ನನಗೊಂದು ಸಿನಿಮಾ ಕೊಡಿ.” ಸಭೆ ನಕ್ಕು ಚಪ್ಪಾಳೆ ತಟ್ಟಿತು.

ಅವರಿಗೆ ದೀರ್ಘಾಯುಷ್ಯವೂ ಆರೋಗ್ಯವೂ ಕೈತುಂಬ ಕೆಲಸವೂ ದೊರೆಯಲಿ ಎಂದು ಹಾರೈಸುತ್ತೇವೆ. ಈ ಪುಟ ಓದುವ ನಿರ್ಮಾಪಕರಲ್ಲಿ ಒಬ್ಬರಿಗಾದರೂ ತಿಳಿಯಲಿ: ಅಕ್ಕ ಅಂದು ತಮಾಷೆ ಮಾಡಿರಲಿಲ್ಲ.