ಕಸ್ಬಾದ ಗೀರುಗಲ್ಲು

ನಗುವವರು ನಗಲಿ, ನನಗೆ ಅಭ್ಯಾಸವಾಗಿದೆ. ಆದರೆ ಇದು ನಿಜವಾಗಿ ನಡೆದದ್ದು. ನನ್ನ ಗಂಡ ಪಕ್ಕದಲ್ಲೇ ಟಾರ್ಚ್ ಹಿಡಿದು ನಿಂತಿದ್ದರು.

ಐಟಿ ಕಂಪನಿಗಳಿಗಾಗಿ ಕೋಲ್ಕತ್ತಾದ ಹಳೇ ಬಂಗಲೆಗಳು ಉರುಳುತ್ತಿದ್ದ ಕಾಲ. ಕಸ್ಬಾದ ಅಂಥದ್ದೊಂದು ಬಂಗಲೆಯ ತೋಟದಲ್ಲಿ ಆಳೆತ್ತರದ ಕಲ್ಲಿತ್ತು. ಯಾವನೋ ಐರಿಷ್ ಸೆಣಬಿನ ವ್ಯಾಪಾರಿ ತನ್ನೂರಿನಿಂದ ಹಡಗಿನಲ್ಲಿ ತರಿಸಿದ್ದನಂತೆ. ಅದರ ಮೇಲಿದ್ದದ್ದು ಓಘಂ, ಐರ್ಲೆಂಡಿನ ಪ್ರಾಚೀನ ಲಿಪಿ. ನೋಡುವುದಕ್ಕೆ ಬರೀ ಗೀರುಗಳು.

ಕಾಗದದ ಮೇಲೆ ಅದರ ಅಚ್ಚು ಸಿಕ್ಕಿದರೆ ಆ ಲಿಪಿಯ ಮೇಲಿನ ನನ್ನ ಪಿಎಚ್‌ಡಿ ಮುಗಿಯುತ್ತಿತ್ತು. ಇಲ್ಲದಿದ್ದರೆ ಅಷ್ಟು ವರ್ಷದ ದುಡಿಮೆ ಮಣ್ಣುಪಾಲು. ಅಲೆದೂ ಅಲೆದೂ ಅನುಮತಿ ಕೈಗೆ ಬಂದದ್ದು ಬಂಗಲೆ ಕೆಡವುವ ಹಿಂದಿನ ಸಂಜೆ! ಚಳಿಗಾಲ, ಬೇಗನೆ ಕತ್ತಲಾಗಿತ್ತು. ಲೋಡ್ ಶೆಡ್ಡಿಂಗ್ ಬೇರೆ.

ನಮ್ಮ ಕಡೆಯ ಶಾಸನಗಳ ಅಭ್ಯಾಸಬಲ... ಕಲ್ಲಿನ ಮುಖದ ಮೇಲೆ ಒದ್ದೆ ಕಾಗದ ಹಾಸಿ ಬ್ರಷ್‌ನಿಂದ ಬಡಿದೆ. ಏನೂ ಮೂಡಲಿಲ್ಲ. ಓಘಂ ಕೆತ್ತುವುದು ಕಲ್ಲಿನ ಅಂಚಿನಲ್ಲಿ ಎಂದು ತಲೆಗೆ ಗೊತ್ತಿತ್ತು, ಕೈ ಮರೆತಿತ್ತು. ಅಂಚಿಗೆ ಸುತ್ತಿ ಬಡಿದೆ. ಕಾಗದ ಹರಿಯಿತು. ಇನ್ನೊಂದು ಸುತ್ತಿದೆ, ಅದೂ ಹರಿಯಿತು. ಸಿಟ್ಟಿಗೆ ಅಳುವೇ ಬಂತು.

“ರೀ, ಟಾರ್ಚ್ ನೆಟ್ಟಗೆ ಹಿಡೀರಿ!”

“ನೆಟ್ಟಗೇ ಹಿಡ್ದಿದೀನಿ ಕಣೇ. ನೀನು ಸ್ವಲ್ಪ ಮೆಲ್ಲಗೆ ಬಡಿ.”

“ನಾನೆಲ್ಲಿ ಬಡೀತಿದೀನಿ...”

ನನ್ನ ಕೈ ನಿಂತಿತ್ತು. ಟಕ್... ಟಕ್... ಸದ್ದು ಮಾತ್ರ ನಿಂತಿರಲಿಲ್ಲ. ಕಲ್ಲಿಗೆ ಕಬ್ಬಿಣ ತಾಗುವ ಸದ್ದು. ಜೊತೆಗೆ ಆಗಷ್ಟೇ ಕೆತ್ತಿದ ಕಲ್ಲಿನ ಸುಟ್ಟ ವಾಸನೆ. ಅಂಚನ್ನು ಮುಟ್ಟಿದೆ. ಗೀರುಗಳು ಬ್ಲೇಡಿನಷ್ಟು ಹರಿತವಾಗಿದ್ದವು... ಬೆಚ್ಚಗಿದ್ದವು.

“ಸಾಕು, ನಡಿ ಹೋಗೋಣ.” ಇವರ ದನಿ ಪಿಸುಮಾತಾಗಿತ್ತು.

ಉಳಿದಿದ್ದದ್ದು ಒಂದೇ ಕಾಗದ. ನನಗೆ ಹೆದರಿಕೆಗಿಂತ ಹಟವೇ ಹೆಚ್ಚು. ಅದನ್ನು ಮಡಿಸಿ ಸುತ್ತಿ, ಬಡಿದು, ಮಸಿ ಹಚ್ಚಿದೆ. ಕೆಳಗಿನಿಂದ ಮೇಲಿನವರೆಗೆ ಒಂದೊಂದು ಗೀರೂ ಸ್ಪಷ್ಟವಾಗಿ ಮೂಡಿತು! ಅರೆಬರೆ ಒಣಗಿದ್ದನ್ನೇ ಬಿಡಿಸಿಕೊಂಡು ಬೆಹಾಲಾದಲ್ಲಿದ್ದ ನಮ್ಮ ಮನೆ ಸೇರಿದೆವು.

ಮರುದಿನ ಅಚ್ಚು ನೋಡಿದ ನನ್ನ ಗೈಡ್ ಮುಖ ಗಂಟಿಕ್ಕಿದರು. ಇದು ಶತಮಾನಗಳ ಗಾಳಿ ಮಳೆ ಕಂಡ ಕಲ್ಲಲ್ಲ, ಯಾರಿಂದಲೋ ಹೊಸದಾಗಿ ಕೆತ್ತಿಸಿದ್ದು, ಕಲ್ಲನ್ನೇ ತೋರಿಸು ಎಂದರು. ಮೋಸಗಾತಿ ಎಂಬ ಪದವೊಂದನ್ನು ಬಳಸಲಿಲ್ಲ, ಅಷ್ಟೆ.

ಉರಿದುಕೊಂಡು ಕಸ್ಬಾಗೆ ಓಡಿದೆ. ಕೆಲಸದ ಮೇಸ್ತ್ರಿ ಹಿಂದಿಯಲ್ಲಿ, “ಆ ಕಲ್ಲಾ ದೀದಿ? ಅದನ್ನ ನಿನ್ನೆ ಮಧ್ಯಾಹ್ನವೇ ಒಡೆದು ಹಾಕಿದೆವಲ್ಲ,” ಎಂದ.

ಮಧ್ಯಾಹ್ನ! ನಾವು ಹೋಗಿದ್ದದ್ದು ಕತ್ತಲಾದ ಮೇಲೆ.

ಅವನು ತೋರಿಸಿದ ರಾಶಿಯಲ್ಲಿ ಅಂಚಿನ ತುಂಡೊಂದು ಸಿಕ್ಕಿತು. ನನ್ನ ಅಚ್ಚಿನಲ್ಲಿದ್ದ ಗೀರುಗಳೇ, ಅದೇ ಸಾಲು. ಆದರೆ ಬೆರಳಾಡಿಸಿದರಷ್ಟೇ ತಿಳಿಯುವಷ್ಟು ಸವೆದಿದ್ದವು. ಇದನ್ನು ಗೈಡ್‌ಗೆ ತೋರಿಸಿದ್ದರೆ, ಇಷ್ಟು ಸವೆದ ಕಲ್ಲಿನಿಂದ ಅಷ್ಟು ಹರಿತವಾದ ಅಚ್ಚು ಬರುವುದುಂಟೇ, ನಿನ್ನ ಮೋಸಕ್ಕೆ ಸಾಕ್ಷಿ ಸಿಕ್ಕಿತು ಎನ್ನುತ್ತಿದ್ದರು. ತುಂಡನ್ನು ಅಲ್ಲೇ ಎಸೆದು ಬಂದೆ. ನನ್ನ ಪಿಎಚ್‌ಡಿ ಮುಗಿಯಲೇ ಇಲ್ಲ.

ಅಂದು ರಾತ್ರಿ ಮನೆಯಲ್ಲಿ ಕೂಗಾಡಿದೆ. “ನಾನು ಅಚ್ಚು ತೆಗೆದದ್ದು ಸುಳ್ಳಲ್ಲ ಅಂತ ಯಾರು ಹೇಳ್ತಾರ್ರೀ ಈಗ?”

“ಕಲ್ಲಿನ ಆ ಕಡೆ ಕೂತು ಕೆತ್ತುತ್ತಿದ್ನಲ್ಲ, ಅವನೇ...” ಎಂದವರು ತಟ್ಟನೆ ಬಾಯಿ ಮುಚ್ಚಿದರು.

ನಾನು ಯಾರನ್ನೂ ನೋಡಿರಲಿಲ್ಲ. ಅವನು ಹೇಗಿದ್ದ ಎಂದು ಈಗಲೂ ಕೇಳುತ್ತೇನೆ. ಇವರು ಎದ್ದು ಹೊರಗೆ ಹೋಗಿಬಿಡುತ್ತಾರೆ.