ಬಚ್ಚಲಲ್ಲಿ ನಡೆದ ದೀಕ್ಷಾಸ್ನಾನ

ಮಗ್ಗು ನೀಲಿ ಬಣ್ಣದ್ದೋ ಕೆಂಪಿನದೋ ನನಗೆ ಖಾತ್ರಿಯಿಲ್ಲ. ಆಗ ನಮ್ಮ ಬಚ್ಚಲಲ್ಲಿ ಎರಡೂ ಇದ್ದವು. ವಾರದ ಕಥೆಯೂ ಅಷ್ಟೆ. ಅಣ್ಣ ಶುಕ್ರವಾರ ಅನ್ನುತ್ತಾನೆ, ನಾನು ಶನಿವಾರ ಅಂದುಕೊಂಡಿದ್ದೇನೆ. ದಿನಚರಿಯಲ್ಲಿ ಆ ಎರಡೂ ದಿನ ನೀರಿನ ಟ್ಯಾಂಕರ್ ತಡವಾಗಿ ಬಂದದ್ದು ಬಿಟ್ಟರೆ ಬೇರೇನೂ ಇಲ್ಲ. ಹಾಗಾಗಿ ಇಲ್ಲಿ ಬರೆಯುವುದರಲ್ಲಿ ಕೆಲವನ್ನು ನಾನು ಆಮೇಲೆ ಜೋಡಿಸಿಕೊಂಡಿರಬಹುದು. ನಡೆದದ್ದು ಮಾತ್ರ ನಿಜ. ಬಾಗಲಗುಂಟೆಯ ನಮ್ಮ ಬಾಡಿಗೆ ಮನೆಯ ಬಚ್ಚಲಲ್ಲಿ ಅಣ್ಣ ಅಮ್ಮನಿಗೆ ದೀಕ್ಷಾಸ್ನಾನ ಕೊಟ್ಟ. ನೀರು ಹೊಯ್ದವಳು ನಾನು.

ಅಮ್ಮನಿಗೆ ಆಗಲೇ ಒಂದು ದೀಕ್ಷಾಸ್ನಾನ ಆಗಿತ್ತು. ಕೈಗೂಸಾಗಿದ್ದಾಗ, ಕೋಲಾರದ ಕಡೆಯ ಒಂದು ಹಳೆಯ ಚರ್ಚಿನಲ್ಲಿ. ಪಾದ್ರಿ ಅಯ್ಯನವರು ಹಣೆಗೆ ನೀರು ಮುಟ್ಟಿಸಿದಾಗ ತಾನು ಅವರ ಬೆರಳು ಹಿಡಿದು ಬಿಡಲೇ ಇಲ್ಲವಂತೆ ಎಂದು ಅಮ್ಮ ಹೇಳುತ್ತಿದ್ದಳು. ಅದು ಅವಳ ನೆನಪಲ್ಲ, ಅಜ್ಜಿ ಹೇಳಿದ್ದು. ಆದರೂ ಹೇಳುವಾಗ ಬೆರಳು ಮಡಚಿ ತೋರಿಸುತ್ತಿದ್ದಳು.

ನಾನು ಅದೇ ದಾರಿಯಲ್ಲಿ ಉಳಿದೆ. ಊರೊಳಗಿನ ನನ್ನ ಸಭೆಯಲ್ಲಿ ಪಾಸ್ಟರ್ ಒಬ್ಬ ಹೆಂಗಸು. ಬೇರೆ ಧರ್ಮದವರಿಗೆ ರಕ್ಷಣೆ ಇದೆಯಾ ಎಂದು ಯಾರಾದರೂ ಕೇಳಿದರೆ, ಅದು ದೇವರ ಕೆಲಸ, ನಮ್ಮದಲ್ಲ ಅನ್ನುತ್ತಾರೆ. ಅಣ್ಣ ಪೀಣ್ಯದಲ್ಲಿ ಮಷಿನ್ ಆಪರೇಟರ್. ಅವನ ಸಭೆ ಸೇರುವುದು ಅಲ್ಲೇ, ಪೇಂಟಿಂಗ್ ಶೆಡ್ಡೊಂದರ ಮಹಡಿಯ ಮೇಲೆ. ಅಲ್ಲಿ ಹೆಂಗಸರು ಒಡವೆ ಹಾಕುವುದಿಲ್ಲ. ನಂಬಿದೆ ಎಂದು ಸ್ವಂತ ಬಾಯಿಂದ ಹೇಳಿ, ಪೂರ್ತಿ ಮುಳುಗಿ ಎದ್ದರೆ ಮಾತ್ರ ದೀಕ್ಷಾಸ್ನಾನ. ಅದಕ್ಕೆಂದೇ ತಾರಸಿಯಲ್ಲಿ ಮೇಲ್ಭಾಗ ಕತ್ತರಿಸಿದ ಕಪ್ಪು ಟ್ಯಾಂಕ್ ಇಟ್ಟಿದ್ದಾರೆ.

“ನಿಮ್ ಸಭೇಲಿ ನರಕಾನ ಮುಚ್ಬಿಟ್ರಂತೆ? ಕರೆಂಟ್ ಬಿಲ್ ಕಟ್ಟಿರ್ಲಿಲ್ವಾ?” ಅಣ್ಣ ಕೆಣಕುತ್ತಿದ್ದ.

“ನಿಮ್ ಸ್ಪೀಕರ್ ಕೇಳಿದ್ರೆ ದೇವ್ರು ಕಿವುಡ ಅನ್ಸುತ್ತೆ ಕಣಣ್ಣ.”

“ಮೊದ್ಲು ಇಬ್ರೂ ಉಣ್ಣಿ,” ಅನ್ನುತ್ತಿದ್ದಳು ಅಮ್ಮ. ಅವಳು ಒಂದು ಭಾನುವಾರ ನನ್ನ ಜೊತೆ ಬಂದರೆ ಇನ್ನೊಂದು ಭಾನುವಾರ ಅಣ್ಣನ ಜೊತೆ ಹೋಗುತ್ತಿದ್ದಳು. ಶೆಡ್ಡಿನ ಕಬ್ಬಿಣದ ಮೆಟ್ಟಿಲ ಬುಡದಲ್ಲಿ ನಿಂತು ಓಲೆ ಬಿಚ್ಚಿ ಸೆರಗಿನ ತುದಿಗೆ ಗಂಟು ಹಾಕಿಕೊಳ್ಳುವಳು. ವಾಪಸು ಬರುವಾಗ ಬಸ್ಸಿನಲ್ಲಿ ಮತ್ತೆ ಹಾಕಿಕೊಳ್ಳುವಳು. ಅವಳಿಗೆ ಎರಡರಲ್ಲಿ ಯಾವುದು ಸರಿ ಕಾಣುತ್ತಿತ್ತು ಎಂದು ನಾವು ಕೇಳಲಿಲ್ಲ. ಇಬ್ಬರೂ ಅವಳು ನಮ್ಮ ಕಡೆಯವಳೇ ಎಂದು ತಿಳಿದಿದ್ದೆವು.

ಆಮೇಲೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು, ಮಾತು ಹೋದವು. ತಲೆಯಾಡಿಸುವುದು ಉಳಿಯಿತು. ಕಾಫಿ ಬೇಕಾ ಅಂದರೆ ಆಡಿಸುವಳು, ಬೇಡವಾ ಅಂದರೂ ಆಡಿಸುವಳು. “ಅಮ್ಮ, ನೀನು ಬಸ್ ಡ್ರೈವರಾ?” ಎಂದು ಅಣ್ಣ ಒಮ್ಮೆ ಕೇಳಿದ. ಅದಕ್ಕೂ ಆಡಿಸಿದಳು. ನಾವಿಬ್ಬರೂ ಬಿದ್ದು ಬಿದ್ದು ನಕ್ಕೆವು. ಅವಳೂ ನಕ್ಕಳು ಅನ್ನಿಸುತ್ತದೆ.

ಅದೇ ಅಣ್ಣ ಕೆಲವು ವಾರಗಳ ನಂತರ ಅಡುಗೆಮನೆ ಬಾಗಿಲಿಗೆ ಒರಗಿ ನಿಂತು, ಅಮ್ಮನನ್ನು ಎತ್ತಿಕೊಂಡು ಹೋಗಿ ಟ್ಯಾಂಕಿನಲ್ಲಿ ಮುಳುಗಿಸುತ್ತೇನೆ ಅಂದ.

“ಎದೇಲಿ ಕಫ ಇದೆ. ಡಾಕ್ಟರ್ ಹೇಳಿದ್ದು ಮರೆತ್ಯಾ? ಆಮೇಲೆ, ಅವಳಿಗೆ ಆಗ್ಲೇ ಆಗಿದೆ.”

“ಅದು ಕೂಸಿನ ತಲೆ ಒದ್ದೆ ಮಾಡಿದ್ದು. ಅವಳು ಕೇಳಿ ಮಾಡಿಸ್ಕೊಂಡಿದ್ದಲ್ಲ.”

“ಈಗ ಕೇಳ್ತಿದಾಳಾ?”

“ನಾನು ಸತ್ತು ಅಲ್ಲಿಗೆ ಹೋದಾಗ ಅವಳು ಇಲ್ದಿದ್ರೆ ಏನ್ ಮಾಡ್ಲಿ ಹೇಳೇ,” ಅಂದ. ಅವನು ಅಳುತ್ತಿದ್ದ. ನನಗೆ ಏನೂ ಅನ್ನಿಸಲಿಲ್ಲ. ಒಲೆ ಮೇಲಿನ ಹಾಲು ನೋಡುತ್ತಿದ್ದೆ.

ನನ್ನ ಪಾಸ್ಟರಮ್ಮನನ್ನು ಕೇಳಿದೆ. ಒಂದು ದೀಕ್ಷಾಸ್ನಾನ ಸಾಕು, ಆದರೆ ನಿಮ್ಮಣ್ಣ ಹೆದರಿದ್ದಾರೆ, ಅದನ್ನೂ ನೋಡಿ ಅಂದರು. ನೋಡಿ ಏನು ಮಾಡಬೇಕೆಂದು ಹೇಳಲಿಲ್ಲ.

ಕೊನೆಗೆ ನಾವೇ ಒಪ್ಪಂದ ಮಾಡಿಕೊಂಡೆವು. ಟ್ಯಾಂಕ್ ಇಲ್ಲ. ದಿನಾ ನಾನು ಸ್ನಾನ ಮಾಡಿಸುವ ಹೊತ್ತಿಗೇ ಒಂದು ದಿನ ಅವನು ಬಂದು ದೀಕ್ಷಾಸ್ನಾನದ ಮಾತುಗಳನ್ನು ಹೇಳಬೇಕು, ನಾನು ನೀರು ಹೊಯ್ಯಬೇಕು. ಮೈಯಲ್ಲಿ ಒಂದು ಚೂರೂ ಒಣಗಿರಬಾರದು, ಅದು ಅವನ ಷರತ್ತು. ‘ಈಗಾಗಲೇ ಆಗಿರದಿದ್ದರೆ’ ಎಂದು ಸೇರಿಸಿ ಹೇಳಬೇಕು, ಅದು ನನ್ನದು.

“ಇದೇನು ಇನ್ಶೂರೆನ್ಸಾ?” ಅಂದ. ಆದರೆ ಒಪ್ಪಿದ. ಅವನ ಸಭೆಯಲ್ಲಿ ಮಗ್ಗಿನ ವಿಷಯ ಎತ್ತುವುದಿಲ್ಲ, ನನ್ನ ಸಭೆಯಲ್ಲಿ ಯಾವ ವಿಷಯವನ್ನೂ ಎತ್ತುವುದಿಲ್ಲ ಎಂದೂ ಆಯಿತು.

ಆ ಬೆಳಿಗ್ಗೆ ಅವನು ಭಾನುವಾರದ ಬಿಳಿ ಅಂಗಿ ಹಾಕಿಕೊಂಡು ಬಂದ. ಅಮ್ಮ ಹಳೇ ನೈಟಿಯಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತಿದ್ದಳು. ಬಚ್ಚಲಲ್ಲಿ ಮೂವರಿಗೆ ಜಾಗವಿಲ್ಲದೆ ಅವನು ಹೊಸ್ತಿಲ ಮೇಲೆ ನಿಂತ. ಪ್ಯಾಂಟು ಮಡಚಿಕೊಂಡಿದ್ದ.

“ಅಮ್ಮ, ಯೇಸುವನ್ನ ನಂಬ್ತೀಯಾ?”

ತಲೆಯಾಡಿಸಿದಳು.

“ದೀಕ್ಷಾಸ್ನಾನ ಬೇಕಾ?”

ಆಡಿಸಿದಳು. ಅಣ್ಣ ನನ್ನ ಮುಖ ನೋಡಲಿಲ್ಲ. ನಾನೂ ಅವನ ಮುಖ ನೋಡಲಿಲ್ಲ. ಬಸ್ ಡ್ರೈವರಿನ ಮಾತು ಇಬ್ಬರಿಗೂ ನೆನಪಿತ್ತು.

ತಂದೆಯ, ಮಗನ, ಪವಿತ್ರಾತ್ಮನ ಹೆಸರಿನಲ್ಲಿ ಎಂದು ಅವನು ಹೇಳುವಾಗ ನಾನು ತಲೆ, ಹೆಗಲು, ತೊಡೆ, ಪಾದಗಳ ಮೇಲೆ ಹೊಯ್ಯುತ್ತಾ ಹೋದೆ. ನನ್ನ ಷರತ್ತಿನ ಮಾತು ಹೇಳಿದನಾ? ಹೇಳಿದೆ ಅನ್ನುತ್ತಾನೆ. ನೀರಿನ ಸದ್ದಿನಲ್ಲಿ ನನಗೆ ಕೇಳಿಸಲಿಲ್ಲ. ನಡುವೆ ಅಮ್ಮ ಎಡಗೈಯಲ್ಲಿ ನನ್ನ ಬೆರಳು ಹಿಡಿದುಕೊಂಡಳು ಎಂದು ನನ್ನ ನೆನಪು. ಆದರೆ ಆ ಹಳೆಯ ಚರ್ಚಿನ ಕಥೆಯೇ ಬಂದು ಇಲ್ಲಿ ಸೇರಿಕೊಂಡಿರಬಹುದು, ಆ ನೆನಪನ್ನು ನಾನು ನಂಬುವುದಿಲ್ಲ. ಗೀಸರಿನ ಕೆಂಪು ದೀಪ ಆರಿತು. ನೀರು ಸಾಕಾಗುತ್ತಾ ಎಂದು ಯೋಚಿಸುತ್ತಿದ್ದೆ.

ಕೆಳಗಿನ ಮನೆಯಿಂದ ಓನರಮ್ಮ ಬಚ್ಚಲ ಕಿಟಕಿಗೆ ಕೂಗಿದರು. ಬಾಗಲಗುಂಟೆ ಇನ್ನೂ ಹೊಲವಾಗಿದ್ದಾಗಿನಿಂದ ಅಲ್ಲಿರುವವರು. “ಏನಕ್ಕಾ, ಏನೋ ಮಂತ್ರ ಯೋಳ್ತಾ ಅವ್ರಲ್ಲ?”

“ಏನಿಲ್ಲಮ್ಮ, ಸ್ನಾನ ಮಾಡಿಸ್ತಿದೀವಿ,” ಅಂದೆವು ಅಣ್ಣ, ನಾನು, ಇಬ್ಬರೂ ಒಟ್ಟಿಗೆ. ಧರ್ಮದ ವಿಷಯದಲ್ಲಿ ನಾವು ಒಂದೇ ಉತ್ತರ ಕೊಟ್ಟದ್ದು ಅದೊಂದೇ ಸಲ ಇರಬೇಕು.

ಅಣ್ಣ ಎರಡು ಸಲ ಉಪ್ಪಿಟ್ಟು ಹಾಕಿಸಿಕೊಂಡು ತಿಂದು ಸೆಕೆಂಡ್ ಶಿಫ್ಟಿಗೆ ಹೋದ. ಆಮೇಲಿಂದ ಅವನು ಚೆನ್ನಾಗಿ ನಿದ್ದೆ ಮಾಡುತ್ತಾನಂತೆ. ನನ್ನನ್ನು ಕೆಣಕುತ್ತಾನೆ, ನಾನೂ ಕೆಣಕುತ್ತೇನೆ. ಮನೆಯಲ್ಲಿ ಜಗಳವಿಲ್ಲ. ನಡುದಾರಿ ಸಿಕ್ಕಿತು ಎಂದು ಪಾಸ್ಟರಮ್ಮನಿಗೆ ಹೇಳಬಹುದಿತ್ತು. ಹೇಳಿಲ್ಲ. ಅಣ್ಣ ಒಂದಿಷ್ಟು ಬಿಟ್ಟ, ನಾನು ಒಂದಿಷ್ಟು ಬಿಟ್ಟೆ, ಒದ್ದೆಯಾದವಳು ಮಾತ್ರ ಅಮ್ಮ.

ಮೊನ್ನೆ ಸ್ನಾನ ಮಾಡಿಸಿ ತಲೆ ಒರೆಸುವಾಗ ಓಲೆಗಳನ್ನು ತಂದು ಅಂಗೈಯಲ್ಲಿಟ್ಟು ತೋರಿಸಿದೆ. ಹಾಕಲಾ ಎಂದು ಕೇಳಲಿಲ್ಲ, ಬೇಡವಾ ಎಂದೂ ಕೇಳಲಿಲ್ಲ. ಎರಡಕ್ಕೂ ಏನು ಬರುತ್ತದೆಂದು ಗೊತ್ತು. ಬೇರೆಯದನ್ನು ಕೇಳಿದೆ. ಅಮ್ಮ ತಲೆಯಾಡಿಸಲಿಲ್ಲ. ಓಲೆ ನೋಡಿದಳು, ನನ್ನನ್ನು ನೋಡಿದಳು. ಟವೆಲ್ ಒದ್ದೆಯಾಗಿತ್ತು, ಇನ್ನೊಂದು ತಂದೆ. ವಾಪಸು ಬಂದಾಗಲೂ ಹಾಗೇ ನೋಡುತ್ತಿದ್ದಳು. ನಾನು ಕೇಳಿದ್ದು ಇಷ್ಟೆ:

“ಅಮ್ಮ, ಕೂಸಾಗಿದ್ದಾಗ ಆಗಿದ್ದು, ಇದೇ ಬಚ್ಚಲಲ್ಲಿ ನಾವು ಮಾಡಿದ್ದು, ಇವೆರಡರಲ್ಲಿ ನಿಂದು ಯಾವ್ದು?”