ಅಕ್ಕನ ತೋಳಿನ ಬಿಲ್ಲೆ

ಎಡತೋಳಿನ ಹಿಂಬದಿಗೆ, ರವಿಕೆಯ ತೋಳು ಮುಗಿಯುವಲ್ಲಿ, ಐದು ರೂಪಾಯಿ ನಾಣ್ಯಕ್ಕಿಂತ ತುಸು ದೊಡ್ಡದಾದ ಒಂದು ಬಿಳಿ ಬಿಲ್ಲೆ. ಅದು ನಾಲ್ಕು ಮಂದಿಗೆ ಕಾಣಲೆಂದೇ ಅಕ್ಕ ರವಿಕೆಯ ತೋಳನ್ನು ಎರಡು ಬೆರಳು ಗಿಡ್ಡ ಮಾಡಿಸಿದ್ದಳು ಎಂದು ನನ್ನ ಗುಮಾನಿ. ಮಾನ್ವಿಯ ನಮ್ಮ ಕೂಡು ಮನೆಯಲ್ಲಿ ನಾನು ಅಕ್ಕ ಎನ್ನುತ್ತಿದ್ದುದು ನನ್ನ ನೆಗೆಣ್ಣಿಯನ್ನು, ಗಂಡನ ಅಣ್ಣನ ಹೆಂಡತಿಯನ್ನು.

ಸಕ್ಕರೆ ಕಾಯಿಲೆ ಇಬ್ಬರಿಗೂ ಒಂದೇ ವರ್ಷ ಬಂತು. ನಾನು ಬೆರಳು ಚುಚ್ಚಿಕೊಂಡು ಸುಮ್ಮನಿದ್ದೆ. ಅವಳಿಗೆ ರಾಯಚೂರಿನ ಮಗಳು ಈ ಬಿಲ್ಲೆ ತಂದು ಅಂಟಿಸಿದಳು. ಫೋನು ಹತ್ತಿರ ಹಿಡಿದರೆ ಸಾಕು, ರಕ್ತದಲ್ಲಿ ಸಕ್ಕರೆ ಎಷ್ಟಿದೆ, ಏರುತ್ತಿದೆಯೋ ಇಳಿಯುತ್ತಿದೆಯೋ ಎಂದು ಬಾಣದ ಗುರುತು ತೋರಿಸುತ್ತಿತ್ತು. ಅಂದಿನಿಂದ ಓಣಿಯ ಹೆಂಗಸರೆಲ್ಲ ನಮ್ಮ ಪಡಸಾಲೆಯಲ್ಲೇ.

"ಇಕಾ ನೋಡ್ರಿ, ಅನ್ನ ಉಂಡ್ರ ಬಾಣ ಹೆಂಗ ಏರ್ತದ! ಜ್ವಾಳದ ರೊಟ್ಟಿ ಮ್ಯಾಲ ಅದಕ್ಕ ಇಷ್ಟು ಸಿಟ್ಟಿಲ್ಲ" ಎಂದು ಅಕ್ಕ ವಿವರಿಸುವಳು. ಉಂಡ ಮೇಲೆ ಬಾಣ ಬಾಗುವವರೆಗೆ ಮಾಳಿಗೆಯ ಮೇಲೆ ಸುತ್ತುವಳು. ದೇವದುರ್ಗದಿಂದ ಬಂದ ನನ್ನ ಹೆತ್ತ ತಾಯಿಯೂ ನನ್ನನ್ನು ಬಿಟ್ಟು ಆ ತೋಳನ್ನೇ ಸವರಿ, "ನೋವಾಗ್ತದೇನ್ವಾ ನಿನಗ?" ಎಂದು ಕೇಳಿದಳು. ನನ್ನ ಹತ್ತು ಬೆರಳೂ ತೂತಾಗಿದ್ದವು, ಅದನ್ನು ಕೇಳಿದವರಿಲ್ಲ. ಹೊಟ್ಟೆಕಿಚ್ಚಾಯಿತು. ಸುಳ್ಳೇಕೆ ಹೇಳಲಿ?

ಅತ್ತೆಯ ಶ್ರಾದ್ಧದ ಅಡುಗೆ ನಮ್ಮಲ್ಲಿ ಹಿರಿಯ ಸೊಸೆಯದು. ಮಡಿಯುಟ್ಟು ಒಲೆ ಹಚ್ಚಿದವಳು ಬ್ರಾಹ್ಮಣರ ಊಟವಾಗುವವರೆಗೆ ಏನೂ ತಿನ್ನುವಂತಿಲ್ಲ, ಮಡಿಯಲ್ಲಿಲ್ಲದವರು ಅವಳನ್ನು ಮುಟ್ಟುವಂತಿಲ್ಲ. ಇಪ್ಪತ್ತು ವರ್ಷ ನಾನು ಹೊರಗೆ ಕೂತು ಅಕ್ಕನ ಕೈರುಚಿಯ ಹೊಗಳಿಕೆ ಕೇಳಿದ್ದೆ. ಆ ವರ್ಷ ಆಚಾರ್ಯರೆದುರಿಗೇ ಬಾಯಿ ಬಿಟ್ಟೆ.

"ಮೈಮ್ಯಾಗ ಪ್ಲಾಸ್ಟಿಕ್ ಅಂಟಿಸಿಕೊಂಡ್ರ ಮಡಿ ಹೆಂಗ ಆಗ್ತದ್ರೀ ಆಚಾರ್ಯರ?"

ಅಂಥ ಪ್ರಶ್ನೆ ಅವರಿಗೂ ಹೊಸದು. ಒಂದೆರಡು ಸಲ ಕೆಮ್ಮಿ, "ಸಂಶಯ ಬಂದ ಮ್ಯಾಲ ಬ್ಯಾಡ್ರಿ" ಎಂದರು. ಒಮ್ಮೆ ಕಿತ್ತರೆ ಮತ್ತೆ ಅಂಟುವ ಬಿಲ್ಲೆ ಅದಲ್ಲ. ಅಕ್ಕ ನನ್ನ ಮುಖ ನೋಡಿ ನಕ್ಕಳು.

"ನೀನ ಮಾಡವಾ. ನಿನ್ನ ಕೈರುಚಿನೂ ಅತ್ತಿ ನೋಡಲಿ."

ಗೆದ್ದೆ ಎಂದುಕೊಂಡೆ. ಶ್ರಾದ್ಧದ ದಿನ ತಣ್ಣೀರು ಮಿಂದು, ಎಂದಿನಂತೆ ಸಕ್ಕರೆಯ ಗುಳಿಗೆ ನುಂಗಿ ಒಲೆಯ ಮುಂದೆ ಕೂತೆ. ಗುಳಿಗೆ ಊಟವಲ್ಲ, ಅದರಿಂದ ಉಪವಾಸ ಕೆಡುವುದಿಲ್ಲ ಎಂದು ನನ್ನ ಬುದ್ಧಿ. ವಡೆ ಕರಿಯುವ ಹೊತ್ತಿಗೆ ಕೈ ನಡುಗತೊಡಗಿತು. ಸೀರೆ ಬೆವರಿಗೆ ತೊಯ್ದಿತ್ತು. ಕೂಗಬೇಕೆಂದರೆ ನಾಲಿಗೆ ಏಳಲಿಲ್ಲ.

ಹೊಸ್ತಿಲಾಚೆ ನಿಂತಿದ್ದ ಅಕ್ಕ ನೋಡಿದಳು. "ಹಸದ ಹೊಟ್ಟಿಗೆ ಗುಳಗಿ ತೊಗೊಂಡಿಯೇನ? ಏ ಹುಚ್ಚಿ! ಬಾಣ ಕೆಳಗ ಬಿದ್ದಾಗ ನನಗೂ ಹಿಂಗ ಬೆವರ್ತದ!" ಎನ್ನುತ್ತಲೇ ಒಳಗೆ ನುಗ್ಗಿ ನನ್ನನ್ನು ತಬ್ಬಿ ಹಿಡಿದಳು. ಪಾಯಸಕ್ಕಿಟ್ಟ ಬೆಲ್ಲವನ್ನು ನೀರಲ್ಲಿ ಕದಡಿ ಗುಟುಕು ಗುಟುಕಾಗಿ ಕುಡಿಸಿದಳು.

ಅಡುಗೆಯೆಲ್ಲ ಮೈಲಿಗೆಯಾಯಿತು. ಭಾವ, ಅವಳ ಗಂಡ, ಓಡಿ ಬಂದು ಕೂಗಾಡಿದರು.

"ನಂದ ತಪ್ಪು" ಎಂದಳು ಅಕ್ಕ. "ಉಪ್ಪು ಕೊಡಾಕ ಬಂದಾಕಿ ಮರ್ತು ಮುಟ್ಟಿಬಿಟ್ಟೆ."

ನಾನು ಗೋಡೆಗೊರಗಿ ಎಲ್ಲವನ್ನೂ ಕೇಳಿಸಿಕೊಂಡೆ, ತುಟಿ ಬಿಚ್ಚಲಿಲ್ಲ. ಅವಳು ಬಿಲ್ಲೆಯನ್ನು ಕಿತ್ತು ಕಿಟಕಿಯಲ್ಲಿಟ್ಟು, ತಲೆಗೆ ನೀರು ಸುರಿದುಕೊಂಡು ಬಂದು ಮೊದಲಿನಿಂದ ಅಡುಗೆ ಮಾಡಿದಳು. ಮನೆಯವರೆಲ್ಲರಂತೆ ಅವಳೂ ಉಪವಾಸವಿದ್ದಳು, ಆದರೆ ಅಂದು ಗುಳಿಗೆ ತೆಗೆದುಕೊಂಡಿರಲಿಲ್ಲ. ಅಷ್ಟು ತಿಳಿವಳಿಕೆ ಅವಳಿಗಿತ್ತು. ಬ್ರಾಹ್ಮಣರು ಎಲೆಯ ಮುಂದೆ ಕೂತಾಗ ಮೂರು ಗಂಟೆ. ಅಕ್ಕನ ಮರೆವನ್ನು ಬಂಧುಬಳಗ ಮುಂದೆ ವರ್ಷಗಟ್ಟಲೆ ಆಡಿಕೊಂಡಿತು. ಆಡಿಕೊಂಡಾಗಲೆಲ್ಲ ಅವಳೂ ನಗುತ್ತಿದ್ದಳು.

ಹೋದ ವರ್ಷ ಎದೆನೋವೆಂದು ಕೂತವಳು ಏಳಲಿಲ್ಲ. ಮೊನ್ನೆ ಅವಳ ವರ್ಷಾಂತದ ಅಡುಗೆ ನನ್ನ ಪಾಲಿಗೆ ಬಂತು. ಆಚಾರ್ಯರು ವಾಡಿಕೆಯಂತೆ ಕೇಳಿದರು: "ಉಪವಾಸ ಇದ್ದೀರಿಲ್ರೀ?"

"ಇಲ್ರಿ, ಉಂಡೀನಿ. ಅತ್ತಿ ಶ್ರಾದ್ಧದ ದಿನಾನೂ ಉಪವಾಸ ಮುರದಾಕಿ ನಾನ. ಅಕ್ಕ ಮರ್ತು ಮುಟ್ಟಿರಲಿಲ್ರಿ. ನಾ ಸಾಯಾಕತ್ತಿದ್ದೆ, ಅದಕ್ಕ ಮುಟ್ಟಿದ್ಲು."

ಭಾವ ಕೈಯಲ್ಲಿದ್ದ ತಂಬಿಗೆಯನ್ನು ಕೆಳಗಿಟ್ಟರು.

"ನನಗೂ ಹೇಳಲಿಲ್ಲಲ್ಲ ಅಕಿ" ಎಂದರು. "ನಾ ಎಷ್ಟು ಬೈದೀನಿ ಅಕಿಗೆ."

ಗಂಡನ ಬೈಗುಳ ತಿಂದೂ ನನ್ನ ಗುಟ್ಟು ಬಿಟ್ಟುಕೊಡದವಳ ಮೇಲೆ ನನಗೆ ಮತ್ತೆ ಹೊಟ್ಟೆಕಿಚ್ಚಾಯಿತು.